ಗ್ಲಫೀರಾಳ ಮುನ್ನೂರ ಹನ್ನೆರಡು ಚೀಟಿಗಳು

1935ರ ಫೆಬ್ರವರಿ ಹನ್ನೆರಡರ ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷಕ್ಕೆ ಗ್ಲಫೀರಾ ಇಗ್ನಾತ್ಯೆವ್ನಾ ಜೋತವಾ ಹೆಪ್ಪುಗಟ್ಟಿದ ಶಾಯಿಯ ಕುಡಿಕೆಯನ್ನು ಒಲೆಯ ಮೇಲಿಟ್ಟು ಕರಗಿಸುತ್ತಿದ್ದಳು. ಲೆನಿನ್‌ಗ್ರಾಡಿನ ಆ ನಿಘಂಟು ಕಚೇರಿಯಲ್ಲಿ ಆಕೆಗೆ ಅದು ಹತ್ತೊಂಬತ್ತನೆಯ ಚಳಿಗಾಲ. ಹಳ್ಳಿಗಳಿಂದ ಬಂದ ಪದಗಳನ್ನು ಚೀಟಿಗೊಂದರಂತೆ ಬರೆದು, ಬಲಮೂಲೆಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಹಾಕುವುದು ಆಕೆಯ ಕೆಲಸ. ಮೂಲೆ ಖಾಲಿಯಿದ್ದ ಚೀಟಿಗೆ ಅಲ್ಲಿ ಜಾಗವಿರಲಿಲ್ಲ.

ಬಾಗಿಲು ಕಾಯುವ ಕಪಿತೋಲೀನಾ ಏದುಸಿರು ಬಿಡುತ್ತಾ ಬಂದಳು.

"ಗ್ಲಾಶಾ, ಚರ್ಮದ ಕೋಟಿನವನೊಬ್ಬ ಬಂದಿದಾನೆ ಕಣೇ, ಗುಪ್ತ ಪೊಲೀಸಿನವನೇ ಇರ್ಬೇಕು. ಈಗಷ್ಟೇ ನೆಲ ಒರೆಸಿದ್ದೆ, ಬೂಟಿನ ಹಿಮಾನೂ ಕೊಡವದೆ ಹಾಗೇ ಹತ್ತಿ ಬರ್ತಿದಾನೆ."

"ಯಾರು ಬೇಕಂತೆ?"

"ಯಾರೂ ಬೇಡ್ವಂತೆ. ಚೀಟಿ ಎಲ್ಲಿಡ್ತೀರಿ ಅಂತ ಕೇಳಿದ."

ಗ್ಲಫೀರಾಳ ಕಣ್ಣು ಎದುರಿನ ಖಾಲಿ ಮೇಜಿನತ್ತ ಹೋಯಿತು. ನವೆಂಬರಿನವರೆಗೆ ಅಲ್ಲಿ ವೆನಿದೀಕ್ತ್ ಅರ್ಕಾದ್ಯೆವಿಚ್ ಕೂರುತ್ತಿದ್ದರು. ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಹೀರುತ್ತಾ ಪದಗಳ ವಂಶ ಬಿಡಿಸುತ್ತಿದ್ದರು.

"ಈ ಮೂವರನ್ನ ನೋಡಿ. ಯಾದ್ರೊನಿ ಅಂದ್ರೆ ಗಟ್ಟಿಗ, ಬೋದ್ರಿ ಲವಲವಿಕೆಯವ, ಮೂದ್ರಿ ಜ್ಞಾನಿ. ಬೋದ್ರಿಯ ಬೇರು ಎಚ್ಚರ. ಹಿಂದೂಸ್ತಾನದ ಬುದ್ಧನೂ ಆ ಮನೆಯವನೇ. ಮೂದ್ರಿಗೆ ಲಿಥುವೇನಿಯಾದಲ್ಲಿ ಒಬ್ಬ ತಮ್ಮ ಇದ್ದಾನೆ. ಅವನು ಜ್ಞಾನಿಯಲ್ಲ, ಬರೀ ಉತ್ಸಾಹಿ. ಜರ್ಮನ್ನರಲ್ಲೂ ಒಬ್ಬ ಇದ್ದಾನೆ, ಚುರುಕಿನವನು."

"ಗಟ್ಟಿಗನಿಗೆ ಯಾರೂ ಇಲ್ವಾ ಪಾಪ?"

"ಇಂದ್ರನ ನೆಂಟ ಅಂತಾರೆ ಕೆಲವರು. ನಾನು ಆಣೆ ಇಡಲ್ಲ."

"ನೀವು ಮದುವೆ ದಲ್ಲಾಳಿ ಆಗ್ಬೇಕಿತ್ತು, ವೆನಿದೀಕ್ತ್ ಅರ್ಕಾದ್ಯೆವಿಚ್!"

ಆ ಜರ್ಮನ್ ನೆಂಟನೇ ಅವರಿಗೆ ಮುಳುವಾದ. ರಷ್ಯನ್ ಪದಕ್ಕೆ ಜರ್ಮನ್ ಸಂಬಂಧ ಕಟ್ಟಿದವನೆಂದು ಅವರನ್ನು ಕರೆದೊಯ್ದರು. ಅವರ ಸಹಿಯಿದ್ದ ಚೀಟಿಗಳನ್ನೆಲ್ಲ ಸುಡಬೇಕೆಂದು ಆದೇಶ ಬಂತು. ಗ್ಲಫೀರಾ ಎಣಿಸಿದಳು: ಮುನ್ನೂರ ಹನ್ನೆರಡು. ಪ್ಸ್ಕೋವ್, ಒಲೊನೆತ್ಸ್ ಕಡೆಯ ಮುದುಕಿಯರ ಬಾಯಿಂದ ಬಂದ ಆ ಮಾತುಗಳು ಬೇರೆಲ್ಲೂ ಇರಲಿಲ್ಲ. ಮೂರು ವಾರ, ನೆರೆಯವರೊಡನೆ ಹಂಚಿಕೊಂಡ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನಕಲು ಮಾಡಿದಳು. ಮೂಲ ಚೀಟಿಗಳನ್ನು ತಾನೇ ಬೆಂಕಿಗೆ ಹಾಕಿ, ನಕಲುಗಳನ್ನು ಕಚೇರಿಯಲ್ಲಿ ತನ್ನ ಚೀಟಿಗಳ ನಡುವೆ ಸೇರಿಸಿದಳು. ಅವರ ಹೆಸರು ಎಲ್ಲೂ ಉಳಿಯಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಪಳಗಿದ ಕೈ, ಪ್ರತಿ ನಕಲಿನ ಬಲಮೂಲೆಯಲ್ಲೂ ತನ್ನ ಸಹಿಯನ್ನೂ 1934 ಎಂಬ ಇಸವಿಯನ್ನೂ ಹಾಕಿಬಿಟ್ಟಿತ್ತು.

ಜನವರಿಯ ವಾರ್ಷಿಕ ಸಭೆಯಲ್ಲಿ ಆಕೆ ಎದ್ದು ನಿಂತು, ಹಿಂದಿನ ವರ್ಷ ತಾನು ಬರೆದ ಚೀಟಿಗಳ ಸಂಖ್ಯೆಯನ್ನು ತನ್ನ ದಿನಚರಿ ನೋಡಿ ಓದಿದ್ದಳು. ಅಡುಗೆಮನೆಯ ಚೀಟಿಗಳು ಆ ದಿನಚರಿಯಲ್ಲಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ನಮಸ್ಕಾರ, ಕಾಮ್ರೇಡ್ ಜೋತವಾ," ಎನ್ನುತ್ತಾ ಚರ್ಮದ ಕೋಟಿನವನು ಒಳಗೆ ಬಂದ. 1934ರ ಚೀಟಿಗಳು ಕಿಟಕಿಯ ಪಕ್ಕದ ಬೀರುವಿನಲ್ಲಿದ್ದವು, ಒಬ್ಬೊಬ್ಬರದು ಒಂದೊಂದು ಸಾಲು. ಆಕೆಯ ಸಾಲನ್ನು ಎಳೆದು, ಬೆರಳಿಗೆ ಎಂಜಲು ಹಚ್ಚಿ ಎಣಿಸತೊಡಗಿದ.

"ಓದಿ ನೋಡಲ್ವಾ?" ಗ್ಲಫೀರಾ ಕೇಳಿದಳು.

"ನನಗ್ಯಾಕೆ ಪದ? ಎಣಿಸೋಕೆ ಬಂದ್ರೆ ಸಾಕು."

ಮಧ್ಯಾಹ್ನ ಮೂರಕ್ಕೆ ಎಣಿಕೆ ಮುಗಿಯಿತು. ಒಲೆಯ ಮೇಲೆ ಮರೆತಿದ್ದ ಶಾಯಿ ಕುದಿದು ಇಂಗಿಹೋಗಿತ್ತು.

"ಎರಡು ಸಾವಿರದ ನಾನೂರ ಐವತ್ತೆರಡು," ಎಂದ. ಈಗ ಕಾಮ್ರೇಡ್ ಎನ್ನಲಿಲ್ಲ. "ಸಭೆಯ ಟಿಪ್ಪಣಿ ನನ್ನ ಹತ್ರ ಇದೆ, ನಾಗರಿಕ ಜೋತವಾ. ಆದ್ರೂ ನಿಮ್ಮ ಬಾಯಿಂದ್ಲೇ ಕೇಳ್ಬೇಕು. ಜನವರೀಲಿ ಎಲ್ಲರ ಮುಂದೆ ಎಷ್ಟು ಅಂದಿದ್ರಿ?"

ಬಾಗಿಲ ಬಳಿ ಕಪಿತೋಲೀನಾ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಗ್ಲಫೀರಾ ಸಭೆಯಲ್ಲಿ ಎದ್ದಂತೆಯೇ ಎದ್ದು ನಿಂತಳು.

"ಎರಡು ಸಾವಿರದ ನೂರ ನಲವತ್ತು."