ನಾನು ಕಾರು ನಿಲ್ಲಿಸದ ದಿನ

ಕಡಿಮೆ ಖರ್ಚಿನಲ್ಲಿ ತೆಗೆದ ಹಳೆಯ ಕಪ್ಪುಬಿಳುಪು ಅಪರಾಧ ಚಿತ್ರಗಳ ಹುಚ್ಚು ನನಗೆ ಹಿಡಿದು ನಾಲ್ಕೈದು ವರ್ಷವಾಯಿತು. ಎರಡು ಕೋಣೆ, ಒಂದು ಕಾರು, ಗೋಡೆಯ ಮೇಲೆ ಕಿಟಕಿ ಸರಳುಗಳ ನೆರಳು. ಸೆಟ್ ಹಾಕಲು ದುಡ್ಡಿಲ್ಲದಿದ್ದರೆ ಮಂಜು ತುಂಬಿಸಿಬಿಡುತ್ತಾರೆ. ಆ ಮಂಜೇ ಹೆದರಿಸುತ್ತದೆ. ನಾಯಕ ದೊಡ್ಡ ಖದೀಮನೇನಲ್ಲ, ನನ್ನಂಥ ಗುಮಾಸ್ತ. ಒಂದು ನಿಮಿಷದ ತಪ್ಪು, ಅದನ್ನು ಮುಚ್ಚಲು ಇನ್ನೊಂದು. "ಇವನಿಗೆ ಆಗಲೇ ನಿಜ ಹೇಳ್ಲಿಕ್ಕೆ ಎಂತ?" ಎಂದು ದರ್ಬೆಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಹೆಂಡತಿಯ ಹತ್ತಿರ ಹೇಳುತ್ತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಮಡಿಕೇರಿಯಿಂದ ಒಬ್ಬನೇ ಬರುತ್ತಿದ್ದೆ. ಅರಂತೋಡು ದಾಟಿದ ಮೇಲೆ ತಿರುವಿನಲ್ಲಿ ಸ್ಕೂಟರೊಂದನ್ನು ಹಿಂದೆ ಹಾಕುವಾಗ ಎಡಗಡೆ ಟಕ್ ಎಂದಿತು. ಕನ್ನಡಿಯಲ್ಲಿ ನೋಡಿದೆ. ಸ್ಕೂಟರ್ ಅಡ್ಡ ಬಿದ್ದಿತ್ತು, ಸವಾರ ಎದ್ದು ಕೂತಿದ್ದ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು, ಮತ್ತೆ ಸರಿಯಿತು. ಎದ್ದು ಕೂತಿದ್ದಾನಲ್ಲ, ಎಂದುಕೊಂಡೆ. ಸುಳ್ಯ ದಾಟುವವರೆಗೂ ಹಿಂದಿನ ಪ್ರತಿ ಬೈಕೂ ನನ್ನನ್ನೇ ಅಟ್ಟಿಸಿಕೊಂಡು ಬಂದಂತಿತ್ತು.

ಮನೆಯಲ್ಲಿ ಕಾರಿನ ಗೀರನ್ನು ಬಟ್ಟೆಯಿಂದ ಉಜ್ಜುತ್ತಿದ್ದೆ.

"ಎಂತ ಆಯ್ತು?" ಹೆಂಡತಿ ಕೇಳಿದಳು.

"ಗೇಟಿಗೆ ತಾಗಿದ್ದು."

ಎಷ್ಟು ಸಲೀಸಾಗಿ ಬಂತು ಆ ಮಾತು. ಸಂಜೆ ಅವಳೇ ಸಿನಿಮಾ ಹಾಕಿದಳು. ಪರದೆಯ ಮೇಲೆ ಒಬ್ಬ ಬೆವರುತ್ತಾ ಯಾರದೋ ಪ್ರಶ್ನೆಗೆ ಉತ್ತರ ಹೊಸೆಯುತ್ತಿದ್ದ. ಹತ್ತು ನಿಮಿಷ ಕೂರಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವಳು ಟಿವಿ ಆರಿಸಿದಳು. "ನಾಳೆ ಹೋಗುವ. ನಾನೂ ಬರ್ತೇನೆ."

ಮರುದಿನ ತಿರುವಿನ ಹತ್ತಿರದ ಅಂಗಡಿಯವರು ಸ್ಕೂಟರಿನವರನ್ನು ಸುಳ್ಯದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. "ನಿಮಗೆ ಅವರ ಗುರ್ತ ಉಂಟಾ?" ಎನ್ನುತ್ತಾ ನನ್ನ ಕಾರನ್ನು ನೋಡಿದರು. ಇಲ್ಲ ಎಂದೆ.

ಆಸ್ಪತ್ರೆಯಲ್ಲಿ ಮಲಗಿದ್ದವರು ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು, ಮುರಿದದ್ದು ಬಲಗೈ. ನಮ್ಮನ್ನು ಯಾರೋ ತೋಟದವರ ಪೈಕಿ ಎಂದುಕೊಂಡು ಅವರೇ ಶುರುಮಾಡಿದರು. "ಜಲ್ಲಿಯಲ್ಲಿ ಸ್ಕಿಡ್ ಆದದ್ದು ಮಾರಾಯ್ರೆ. ನನ್ನದೇ ತಪ್ಪು."

ಅವರು ಕಾರನ್ನು ಗಮನಿಸಿರಲೇ ಇಲ್ಲ. ಯಾರೂ ನನ್ನನ್ನು ಹುಡುಕುತ್ತಿರಲಿಲ್ಲ. ಬೇಗ ಗುಣವಾಗಲಿ ಎಂದು ಹೇಳಿ ಎದ್ದು ಬರಬಹುದಿತ್ತು. ಆ ಸಿನಿಮಾಗಳವರು ಎದ್ದು ಬರುವುದು ಇಂಥ ಗಳಿಗೆಯಲ್ಲೇ. ಹೆಂಡತಿ ನನ್ನ ಕಡೆ ನೋಡಲಿಲ್ಲ.

"ಸ್ಕಿಡ್ ಅಲ್ಲ. ನನ್ನ ಕಾರು ತಾಗಿದ್ದು."

ಅವರು ದಿಂಬಿನಿಂದ ತಲೆ ಎತ್ತಿದರು. "ಬಿದ್ದದ್ದು ನೋಡಿದ್ರಾ?"

"ನೋಡಿದೆ."

ಅವರು ಗೋಡೆಯ ಕಡೆ ತಿರುಗಿದರು. ಆ ಮಧ್ಯಾಹ್ನವೇ ಠಾಣೆಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಪ್ರಕರಣ ಇನ್ನೂ ನಡೆಯುತ್ತಿದೆ.

ಪ್ಲಾಸ್ಟರ್ ತೆಗೆಸುವ ದಿನ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಬಂದರು, ಹಿಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಒಂದೇ ಮಾತು: "ನಿಧಾನ ಹೋಗಿ."