ನರ್ಸಬಾಯಿ ನೀಲವ್ವ ಆಡಿದ ಮಾತು

ಮೊಮ್ಮಗನ ಹೆಂಡತಿಯ ಬಾಣಂತನಕ್ಕೆಂದು ನೀಲವ್ವ ಲಂಡನ್ನಿನ ಗ್ರೀನ್‌ಫರ್ಡಿನಲ್ಲಿದ್ದ ಮಗನ ಮನೆಯಿಂದ ಅದೇ ಊರಿನ ಹ್ಯಾರೋಗೆ ಬಂದದ್ದು ೧೯೯೭ರ ಮಾರ್ಚಿನಲ್ಲಿ. ಆಗ ಅವಳಿಗೆ ಎಪ್ಪತ್ತೈದು. ಮೊಮ್ಮಗ ಅಮರ ಲಂಡನ್ನಿನಲ್ಲೇ ಬೆಳೆದವನು. ಹೆಂಡತಿ ಅಂಕಿತಾ ಧಾರವಾಡದವಳು, ಮದುವೆಯಾಗಿ ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ. ಅವಳ ತಾಯಿಗೆ ವೀಸಾ ಸಿಗದೆ ಹೋದಾಗ ಅಮರ, "ಆಯಿ, ನೀನ ಬಾ. ನಿನಗಿಂತ ಎಕ್ಸ್‌ಪೀರಿಯನ್ಸ್ ಯಾರಿಗೈತಿ?" ಎಂದು ಅಜ್ಜಿಯನ್ನು ಕರೆತಂದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಕುಳಲ್ಲಿ ಕೂಸಿರುವಾಗಲೇ ಗಂಡನನ್ನು ಕಳೆದುಕೊಂಡ ನೀಲವ್ವ, ಇಂಗ್ಲಿಷರ ಆಳ್ವಿಕೆಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ತರಬೇತಿ ಪಡೆದಿದ್ದಳು. ವಿಜಾಪುರದ ಕಡೆಯ ಒಂದು ಸರಕಾರಿ ಶಿಶು ಕಲ್ಯಾಣ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬಿಳಿ ಸೀರೆ ಉಟ್ಟು, ಕೈಯಲ್ಲಿ ಚರ್ಮದ ಚೀಲ ಹಿಡಿದು ಓಣಿ ಓಣಿ ಸುತ್ತುವುದು, ಕೂಸುಗಳನ್ನು ತಕ್ಕಡಿಯಲ್ಲಿ ತೂಗುವುದು, ಹಾಲಿನ ಪುಡಿ ಹಂಚುವುದು, ಇವೇ ಅವಳ ದಿನಚರಿ. ಮೇಲಿನವಳು ಒಬ್ಬ ಇಂಗ್ಲಿಷ್ ಮೇಡಮ್ಮು. ತಾಯಂದಿರ ಮಾತು ಮೇಡಮ್ಮಿಗೆ ತಿಳಿಯದು, ಮೇಡಮ್ಮಿನ ಮಾತು ತಾಯಂದಿರಿಗೆ ಬೇಡ. "ನರ್ಸಬಾಯಿ ಬಂದ್ಲು" ಎಂದರೆ ಸಾಕು, ಬಾಗಿಲು ಮುಚ್ಚುವ ಮನೆಗಳೇ ಹೆಚ್ಚು.

ಅಲ್ಲಿ ಒಂದು ಮನೆಯಲ್ಲಿ ಹೊಸ ಬಾಣಂತಿಯೊಬ್ಬಳು ಊಟ ಬಿಟ್ಟಿದ್ದಾಳೆ, ಕೂಸನ್ನು ಮುಟ್ಟುವುದಿಲ್ಲ ಎಂದು ನೆರೆಯವರು ಹೇಳಿದ್ದರು. ನೀಲವ್ವ ಹೋದಳು. ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತು, "ಎಲ್ಲಾ ಚಲೋ ಅದಾರ್ರಿ ಬಾಯಿ, ಆಕಿ ಮಲಗ್ಯಾಳ" ಎಂದಳು. ಸರಕಾರದವರಿಗೆ ಹೆದರಿ ಆಡಿದ ಮಾತು ಅದು. ನೀಲವ್ವ ಹೊಸ್ತಿಲಿಂದಲೇ ಹಿಂದಿರುಗಿದಳು. ಮತ್ತೊಮ್ಮೆ ನೀಲವ್ವ ಆ ಓಣಿಗೆ ಹೋದಾಗ ಬಾವಿಯಿಂದ ತಾಯಿಯನ್ನೂ ಕೂಸನ್ನೂ ಎತ್ತುತ್ತಿದ್ದರು. ಅತ್ತೆ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದಳು.

ಹ್ಯಾರೋದಲ್ಲಿ ಮಗು ಅನ್ವಿತಾ ಗುಂಡುಗುಂಡಾಗಿಯೇ ಹುಟ್ಟಿತು. ಆದರೆ ಕೆಲವೇ ದಿನಗಳಲ್ಲಿ ಅಂಕಿತಾಳ ನಿದ್ದೆ ಹಾರಿಹೋಯಿತು. ಮಾತು ಕಡಿಮೆಯಾಯಿತು. ಮಗು ಅತ್ತರೆ, ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿರುವಂತೆ ಗೋಡೆ ನೋಡುತ್ತ ಕೂರುವಳು.

ಒಂದು ಮಧ್ಯಾಹ್ನ ತುಂತುರು ಬೀಳುತ್ತಿತ್ತು. ನೀಲವ್ವ ಸ್ನಾನ ಮುಗಿಸಿ ಕೆಳಗಿಳಿದಾಗ ಅಂಕಿತಾ ನಲ್ಲಿಯ ಕೆಳಗೆ ಹಾಲಿನ ಬಾಟಲಿ ತೊಳೆಯುತ್ತಿದ್ದಳು. ತೊಟ್ಟಿಲು ಖಾಲಿ.

"ಕೂಸು ಎಲ್ಲೈತಿ ಅಂಕಿತಾ?"

"ಅದು ನನ್ನ ಕೂಸಲ್ರಿ ಆಯಿ. ದವಾಖಾನ್ಯಾಗ ಬದಲಿ ಮಾಡ್ಯಾರ. ಅದರ ಅವ್ವ ಬಂದು ಒಯ್ಲಿ ಅಂತ ಹೊರಗಿಟ್ಟೇನಿ."

ಹಿತ್ತಲಿನ ಒದ್ದೆ ಹುಲ್ಲಿನ ಮೇಲೆ ಮಗು ಮಲಗಿತ್ತು. ಅತ್ತೂ ಅತ್ತೂ ಸೋತು, ತುಟಿ ನೀಲಿಗಟ್ಟಿತ್ತು. ನೀಲವ್ವ ಅದನ್ನು ತನ್ನ ಕುಪ್ಪಸದೊಳಗೆ ಎದೆಗವುಚಿಕೊಂಡು ಹೀಟರಿನ ಹತ್ತಿರ ಕುಳಿತಳು. ಮಗುವಿನ ಮೈ ಬಿಸಿಯೇರಿದ ಮೇಲೂ ಅವಳು ಅದನ್ನು ಕೆಳಗಿಡಲಿಲ್ಲ.

ಅಮರ ಕೆಲಸದಿಂದ ಬಂದವನು ವಿಷಯ ಕೇಳಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದ. "ಯಾರ ಮುಂದೂ ಹೇಳಬ್ಯಾಡ ಆಯಿ. ಸೋಶಿಯಲ್ ಸರ್ವೀಸಸ್‌ಗೆ ಗೊತ್ತಾದ್ರ ಮಗೂನ್ನ ತಗೊಂಡು ಹೋಗ್ತಾರ. ನಾನು ರಜಾ ಹಾಕ್ತೀನಿ, ನಾವ ನೋಡ್ಕೊಳ್ಳೋಣ. ಪ್ಲೀಸ್."

ಅವನ ಹೆದರಿಕೆ ನೀಲವ್ವನಿಗೆ ಅರ್ಥವಾಯಿತು. ಅವಳಿಗೂ ಅದೇ ಹೆದರಿಕೆ ಇತ್ತು.

ಮರುದಿನ ಹೆಲ್ತ್ ವಿಸಿಟರ್ ಬರುವ ದಿನ. ಹೆರಿಗೆಯಾದ ಮನೆಗಳಿಗೆ ಬಂದು ಮಗುವನ್ನು ತೂಗಿ ನೋಡುವ ಸರಕಾರಿ ನರ್ಸು ಅವಳು. ಮಿಸೆಸ್ ಅಲೀನ್ ಎಂದು ಹೆಸರು, ಬಾರ್ಬಡೋಸ್ ಕಡೆಯವಳು. ಮಗುವಿನ ತೂಕ ಇಳಿದದ್ದನ್ನು ಕಂಡು ಅವಳು, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಎಲ್ಲ ಚೆನ್ನಾಗಿದೆ, ಅವಳಿಗೆ ಸ್ವಲ್ಪ ಸುಸ್ತು ಅಷ್ಟೇ, ಎಂದ ಅಮರ. "ಫೈನ್," ಎಂದಳು ಅಂಕಿತಾ ಕಿಟಕಿಯ ಕಡೆ ನೋಡುತ್ತ. ಮಿಸೆಸ್ ಅಲೀನ್ ಚೀಲ ಹೆಗಲಿಗೇರಿಸಿ ಎದ್ದಳು.

ನೀಲವ್ವ ಬಾಗಿಲ ಹತ್ತಿರ ನಿಂತಿದ್ದಳು. ಹಾದಿ ಬಿಡಲಿಲ್ಲ. ಯಾವ ಕಾಲದಲ್ಲೋ ವಾರ್ಡಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಮದರ್ ನಾಟ್ ವೆಲ್. ಬೇಬಿ ನಾಟ್ ಸೇಫ್," ಎಂದಳು.

"ಆಯಿ!" ಎಂದು ಅಮರ ಕೂಗಿದ. ನೀಲವ್ವ ಹುಲ್ಲಿನ ಮೇಲಿದ್ದ ಮಗುವಿನ ಸಂಗತಿಯನ್ನು ಪೂರ್ತಿ ಹೇಳಿ ಮುಗಿಸಿದಳು. ಮಿಸೆಸ್ ಅಲೀನ್ ಮತ್ತೆ ಕುಳಿತು, ಅಂಕಿತಾಳ ಕೈ ಹಿಡಿದುಕೊಂಡು, ಅವರ ಮನೆಯ ಡಾಕ್ಟರಾದ ಜಿಪಿಗೆ ಫೋನ್ ಮಾಡಿದಳು.

ಸಂಜೆಯೊಳಗೆ ಅಂಕಿತಾ ಆಸ್ಪತ್ರೆ ಸೇರಬೇಕಾಯಿತು. ತಾಯಿ ಮಗು ಜೊತೆಗಿರುವ ವಾರ್ಡಿನಲ್ಲಿ ಹಾಸಿಗೆ ಖಾಲಿಯಿರಲಿಲ್ಲ. ಒಬ್ಬಳೇ ಹೋಗಬೇಕು ಎಂದರು. ಕಾರು ಹತ್ತುವಾಗ ಅವಳು ತಿರುಗಿ ನಿಂತು, ಇಡೀ ಬೀದಿಗೆ ಕೇಳುವಂತೆ ಕಿರುಚಿದಳು: "ಆಯಿ, ನನ್ನ ಕೂಸನ್ನ ನೀವ ಕಸಗೊಂಡ್ರಿ!" ನನ್ನ ಕೂಸು ಎಂದು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ವಾರಗಳು ಕಳೆದ ಮೇಲೆ ಹಾಸಿಗೆ ಸಿಕ್ಕಿ ಮಗುವೂ ತಾಯಿಯ ಹತ್ತಿರ ಹೋಯಿತು. ಔಷಧಿ ನಾಟಿ, ಬೇಸಿಗೆ ಮುಗಿಯುವ ಹೊತ್ತಿಗೆ ಅಂಕಿತಾ ಮಗುವನ್ನೆತ್ತಿಕೊಂಡು ಮನೆಗೆ ಬಂದಳು. ಅದಕ್ಕೂ ಮುಂಚೆಯೇ ಅಮರ ಅಜ್ಜಿಯನ್ನು ಗ್ರೀನ್‌ಫರ್ಡಿಗೆ ಬಿಟ್ಟು ಬಂದಿದ್ದ. ಅವಳ ಚೀಲವನ್ನು ಹೊಸ್ತಿಲಲ್ಲಿಟ್ಟು, ಒಳಗೆ ಬರದೆ ಹಾಗೇ ಹಿಂದಿರುಗಿದ್ದ. ಸೋಶಿಯಲ್ ವರ್ಕರ್ ಒಂದು ವರ್ಷ ಅವರ ಮನೆಗೆ ಬಂದು ಹೋಗುತ್ತಿದ್ದಳಂತೆ.

ಆಮೇಲೆ ಹಬ್ಬಕ್ಕೆ ಸೇರಿದಾಗ ಅಂಕಿತಾ ನೀಲವ್ವನ ತಟ್ಟೆಗೆ ಹೋಳಿಗೆ ಬಡಿಸುವಳು, ಮುಖ ನೋಡುವುದಿಲ್ಲ. ಅನ್ವಿತಾ ಓಡಿಬಂದು ಆಯಿಯ ತೊಡೆ ಹತ್ತಿದರೆ ಏನಾದರೂ ನೆಪ ಹೇಳಿ ಕರೆದುಕೊಂಡು ಹೋಗುವಳು. ನೀಲವ್ವ ಯಾರ ಹತ್ತಿರವೂ ದೂರಲಿಲ್ಲ. ಮಗ ಶಶಿಧರ ಒಮ್ಮೆ, "ಸುಮ್ನಿದ್ದಿದ್ರ ಏನಾಗ್ತಿತ್ತವ್ವಾ?" ಎಂದಾಗ ಮಾತ್ರ, "ಏನಾಗ್ತಿತ್ತು ಅಂತ ನಾ ನೋಡೇನಪ್ಪಾ," ಎಂದು ಎದ್ದು ಹೋದಳು.

೨೦೦೨ರ ಚಳಿಗಾಲದಲ್ಲಿ ಅಂಕಿತಾ ಬಸ್ಸು ಹಿಡಿದು ಒಬ್ಬಳೇ ಗ್ರೀನ್‌ಫರ್ಡಿಗೆ ಬಂದಳು. ಕೋಟು ಬಿಚ್ಚಿದಾಗ ಹೊಟ್ಟೆ ಕಾಣುತ್ತಿತ್ತು.

"ಈ ಸಲನೂ ಹಂಗಾಗಬಹುದು ಅಂದಾರ್ರಿ ಡಾಕ್ಟರು," ಎಂದಳು. "ಅಮರ ಅವರಿಗೆ ನನ್ನ ಮ್ಯಾಲೆ ಭಾಳ ಜೀವ. ಅವರು ಮುಚ್ಚಿಡ್ತಾರ. ನೀವು ಬರ್ರಿ ಆಯಿ. ನಾ ಬ್ಯಾಡ ಅಂದ್ರೂ ನೀವು ಹೇಳ್ರಿ."

"ನಿನ್ನ ಶಾಪ ಇನ್ನೊಮ್ಮೆ ತಡಕೊಳ್ಳೋ ಶಕ್ತಿ ಇಲ್ಲವ್ವಾ ನನಗ," ಎಂದಳು ನೀಲವ್ವ.

ಅಂಕಿತಾ ಅಳತೊಡಗಿದಳು. ನೀಲವ್ವ ಬಹಳ ಹೊತ್ತು ಅವಳ ಬೆನ್ನು ಸವರುತ್ತ ಕುಳಿತು, ಆಮೇಲೆ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿದಳು.

ಗಂಡು ಮಗು ಹುಟ್ಟಿತು. ಎರಡನೇ ವಾರದಲ್ಲಿ ಅಂಕಿತಾಳ ನಿದ್ದೆ ಮತ್ತೆ ಹಾರಿತು, ಮತ್ತೆ ಅವಳು ಗೋಡೆ ನೋಡತೊಡಗಿದಳು. ನೀಲವ್ವ ಫೋನಿನ ಹತ್ತಿರ ಹೋಗಿ ಕನ್ನಡಕ ಹುಡುಕುತ್ತಿದ್ದಾಗ ಅಂಕಿತಾ ಗೋಡೆಯಿಂದ ಕಣ್ಣು ಕೀಳದೆಯೇ ಜಿಪಿಯ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳುತ್ತ ಹೋದಳು. ನೀಲವ್ವ ಒತ್ತುತ್ತ ಹೋದಳು.