ಬಚ್ಚಲಲ್ಲಿ ತೊಳೆದ ಅಜ್ಜಿಯ ಫೋಟೋ

ಫಿಲಂ ತೊಳೆಯುವ ಮದ್ದು, ಫಿಕ್ಸರಿನ ಬಾಟ್ಲಿಯ ಮುಚ್ಚಳ ತೆಗೆದ್ರೆ ಒಂದು ಹುಳಿ ವಾಸನೆ ಬರ್ತದೆ, ಮೂಗಿನ ತುದಿಗೆ ಚುಚ್ಚುವ ಹಾಗೆ. ನಾನು ಮೊಬೈಲಲ್ಲಿ ವಿಡಿಯೋ ನೋಡಿ ಫಿಲಂ ತೊಳಿಲಿಕ್ಕೆ ಕಲಿತವಳು. ಆದ್ರೆ ಆ ವಾಸನೆ ಬಂದ ಕೂಡ್ಲೇ ಐವರ್ನಾಡಿನ ಅಜ್ಜನಮನೆಯ ಬಚ್ಚಲಲ್ಲಿ ನಿಂತಿರ್ತೇನೆ. ನಿಮಗೂ ಅಂಥ ಒಂದು ವಾಸನೆ ಇರ್ಬಹುದು.

ಸುಳ್ಯದ ತನ್ನ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಮಾವ ದೊಡ್ಡ ಕ್ಯಾಮೆರಾವನ್ನೂ, ಉಳಿದಿದ್ದ ಅಂಗೈ ಅಗಲದ ಒಂದೇ ಒಂದು ಶೀಟ್ ಫಿಲಂ ಅನ್ನೂ ಮನೆಗೆ ತಂದಿದ್ರು. ಅಜ್ಜಿಯದ್ದು ಒಂದು ಫೋಟೋ ಕೂಡ ಇರ್ಲಿಲ್ಲ. ಫ್ಲಾಶ್ ಹೊಡೆದ್ರೆ ಅವಳ ಕಣ್ಣಲ್ಲಿ ನೀರು ಸುರೀತಿತ್ತು. ಅಂಗಳಕ್ಕೆ ಕರೆದ್ರೆ, "ಒಲೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ, ಬೇಕಾದ್ರೆ ಇಲ್ಲೇ ತೆಗಿ" ಅಂತ. ಹಾಗೆ ಒಲೆಯ ಬೆಳಕಿನಲ್ಲೇ ತೆಗೆದದ್ದು. ಫಿಲಂಗೆ ಬೇಕಾದ ಬೆಳಕಿನ ಕಾಲುಭಾಗ ಸಿಕ್ಕಿದ್ರೆ ಹೆಚ್ಚು. ಕಮ್ಮಿ ಆದದ್ದನ್ನು ತೊಳೆಯುವಾಗ ಸರಿ ಮಾಡ್ಬೇಕು, ಚಿತ್ರ ಮೂಡಿಸುವ ಮದ್ದು ಡೆವಲಪರಲ್ಲಿ ಜಾಸ್ತಿ ಹೊತ್ತು ಇಡ್ಬೇಕು. ಫೋಟೋದವರು ಪುಶ್ ಮಾಡುದು ಅನ್ನುದು ಇದಕ್ಕೇ. ಆದ್ರೆ ನಮ್ಮ ಸೆಕೆಗೆ ಅಷ್ಟು ಹೊತ್ತು ಇಟ್ರೆ ಫಿಲಂನ ಪದರವೇ ಮೆತ್ತಗಾಗಿ ಕಿತ್ತು ಬರ್ತದೆ. ಅದಕ್ಕೆ ಮಾವ ನೀರಿಗೆ ಅಂತ ಗುಡ್ಡೆಗೆ ಕೊರೆದ ಸುರಂಗದಿಂದ ಇಳಿಯುವ ತಣ್ಣೀರನ್ನು ಬೋಗುಣಿಗೆ ತುಂಬಿ, ಅದರೊಳಗೆ ಡೆವಲಪರಿನ ತಟ್ಟೆ ಇಟ್ರು.

ಮಧ್ಯಾಹ್ನ ಬಚ್ಚಲಿನ ಕಿಟಕಿಗೆ ಗೋಣಿ, ಬಾಗಿಲಿನ ಸಂದಿಗೆ ಕಂಬಳಿ. ಆಗ ನಾನು ಸಣ್ಣವಳು, ಹಠ ಮಾಡಿ ಒಳಗೆ ಹೋದೆ. ಆ ಫಿಲಂಗೆ ಕೆಂಪು ಬೆಳಕು ಕೂಡ ಆಗುದಿಲ್ಲ, ತಾಗಿದ್ರೆ ಹಾಳು. ಕತ್ತಲೆ ಅಂದ್ರೆ ಕತ್ತಲೆ, ತಟ್ಟೆ ಅಲ್ಲಾಡುವ ಶಬ್ದ, ಪಕ್ಕದ ತಟ್ಟೆಯ ಫಿಕ್ಸರಿನ ಹುಳಿ ವಾಸನೆ ಮಾತ್ರ. ಹೊರಗಿಂದ ಅಜ್ಜಿ, "ಇನ್ನೂ ಆಗ್ಲಿಲ್ವಾ ಮಾರಾಯ? ನನ್ನನ್ನು ಬೇಯಿಸ್ಲಿಕ್ಕೆ ಹಾಕಿದ್ಯಾ?"

"ಬಾಗಿಲು ಮುಟ್ಬೇಡ ಅಮ್ಮ!" ಮಾವ ಒಳಗಿಂದಲೇ ಕೂಗಿದ್ರು.

ಕಣ್ಣು ಕತ್ತಲೆಗೆ ಒಗ್ಗಿದಾಗ ನನಗೆ ಕಂಡಿತು, ಹಂಡೆಯ ಅಡಿಯಲ್ಲಿ ಒಂದು ಕೆಂಪು ಗೆರೆ. ಬೆಳಿಗ್ಗೆ ಸ್ನಾನದ ನೀರು ಕಾಯಿಸ್ಲಿಕ್ಕೆ ಹಂಡೆಯ ಅಡಿಗೆ ಹಾಕಿದ ಅಡಿಕೆ ಸಿಪ್ಪೆ. ಬೂದಿಯ ಒಳಗೆ ಅದು ಸಂಜೆವರೆಗೂ ಉರೀತಾ ಇರ್ತದೆ, ನಮ್ಮ ಮನೆಯವರಿಗೆ ಅದು ಬೆಂಕಿ ಅಂತ ಲೆಕ್ಕವೇ ಇಲ್ಲ. "ಮಾವ, ಕೆಂಡ!" ಅಂದೆ. ಮಾವ ತಟ್ಟೆಯ ಮೇಲೆ ಕವುಚಿದ ಹಾಗೆ ಬಗ್ಗಿದ್ರು. ನೀರು ಹೊಯ್ದ್ರೆ ಬೂದಿ ಹಾರಿ ಫಿಲಂಗೆ ಬೀಳ್ತದೆ. ಬಾಗಿಲು ತೆಗಿಲಿಕ್ಕೆ ಇಲ್ಲ. ನಾನು ಹಂಡೆಗೆ ಅಡ್ಡವಾಗಿ ಲಂಗ ಅಗಲ ಮಾಡಿ ನಿಂತೆ. ಅಜ್ಜಿ ಹೋದ್ಲು, ಅಜ್ಜಿ ಹೋದ್ಲು ಅಂತ ಮನಸ್ಸಿನಲ್ಲಿ. ಆ ಹೊತ್ತು ಮುಗಿಯುದೇ ಇಲ್ಲ ಅಂತ ಆಗಿತ್ತು.

ಫೋಟೋ ಪೂರ್ತಿ ಹೋಗಿರ್ಲಿಲ್ಲ. ಪ್ರಿಂಟ್ ಹಾಕಿದಾಗ ಕೆಂಡದ ಬೆಳಕು ತಾಗಿದ ಒಂದು ಬದಿ ಮಂಜು ಕವಿದ ಹಾಗೆ ಬಿಳಿ. ಸೆರಗು, ಗೋಡೆ ಎಲ್ಲ ಕತ್ತಲೆಗೆ ಹೋಗಿ, ಒಲೆಯ ಕಡೆಯ ಕೆನ್ನೆ, ಒಂದು ಕಣ್ಣು, ಕಿವಿಯ ಬೆಂಡೋಲೆ ಮಾತ್ರ ಕಾಳುಕಾಳಾಗಿ ಉಳಿದಿತ್ತು. ಅಜ್ಜಿ ಅದನ್ನು ಮುಖದ ಹತ್ರ ಹಿಡಿದು ತುಂಬ ಹೊತ್ತು ನೋಡಿದ್ಲು.

"ಇದು ನಾನಲ್ಲ ಮಾರಾಯ. ನನ್ನ ಅಮ್ಮ."

ಅವಳ ಅಮ್ಮನ ಫೋಟೋ ಯಾರೂ ತೆಗೆದವರಿಲ್ಲ. ಆ ವರ್ಷ ಅಮ್ಮನ ತಿಥಿಗೆ ಅದಕ್ಕೇ ಹೂ ಇಟ್ಲು. ಮತ್ತೆ ತನ್ನದ್ದು ತೆಗಿಲಿಕ್ಕೆ ಬಿಡ್ಲೇ ಇಲ್ಲ.

ಈಗ ಆ ಮನೆ ಇಲ್ಲ, ಅಲ್ಲಿ ರಬ್ಬರ್ ತೋಟ ಉಂಟು. ಮಾವ ಇಲ್ಲ, ಅಜ್ಜಿ ಇಲ್ಲ. ಅಜ್ಜಿಯ ತಿಥಿಗೆ ಬೇರೆ ಫೋಟೋ ಇಲ್ಲದ್ದಕ್ಕೆ ಇದಕ್ಕೇ ಹೂ ಇಡುದು. ಇಡುವಾಗ ಪ್ರತಿ ಸಲ ಕೈ ಸ್ವಲ್ಪ ತಡೀತದೆ, ಅವಳ ಅಮ್ಮನನ್ನು ಅವಳ ಹತ್ರ ಕೇಳದೆ ತೆಗೊಂಡ ಹಾಗೆ.